ಮನೆ ವಿಳಾಸದಿಂದ ಶುರುವಾಗುವ ಭಾಷಣ

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕು ಹೋರಾಟ ಅಂದ ತಕ್ಷಣ ಎಲ್ಲರಿಗೂ ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿನ ಭಾಷಣ ನೆನಪಾಗುತ್ತದೆ, ಅಲ್ವಾ? ನನ್ನನ್ನು ಜಾಸ್ತಿ ಕಾಡುವುದು ಅದೇ ಹೋರಾಟದ ಫ್ಯಾನಿ ಲೂ ಹ್ಯಾಮರ್ ಅವರ ಮಾತು. 1964ರ ಆಗಸ್ಟ್ 22, ಅಟ್ಲಾಂಟಿಕ್ ಸಿಟಿ, ಡೆಮಾಕ್ರಟಿಕ್ ಪಕ್ಷದ ಸಮಿತಿಯ ಎದುರು.

ಪೀಠಿಕೆಯೇ ಇಲ್ಲ. ಹೆಸರು, ಮನೆ ನಂಬರು, ಬೀದಿ, ಊರು. ವೋಟಿಗೆ ಹೆಸರು ಬರೆಸಲು ಹೋಗಿದ್ದಕ್ಕೇ ಕೆಲಸ, ಮನೆ ಎರಡನ್ನೂ ಕಳೆದುಕೊಂಡಿದ್ದ ಮಿಸಿಸಿಪ್ಪಿ ರಾಜ್ಯದ ಕಪ್ಪು ಹೆಂಗಸು ದೇಶದ ಎದುರು ಹೀಗೆ ವಿಳಾಸ ಹೇಳುವುದು ಎಂಥ ಧೈರ್ಯ! ಆಮೇಲೆ ಅದೇ ರಾಜ್ಯದ ವಿನೋನಾ ಊರಿನ ಜೈಲಿನಲ್ಲಿ ತಿಂದ ಹೊಡೆತದ ಕಥೆ. ಹೊಡೆತಕ್ಕೆ ಬಟ್ಟೆ ಮೇಲೆ ಸರಿಯಿತು, ನಾನು ಕೆಳಗೆಳೆದುಕೊಂಡೆ, ಅಲ್ಲಿದ್ದ ಒಬ್ಬ ಬಿಳಿಯ ಮತ್ತೆ ಮೇಲೆತ್ತಿದ ಅನ್ನುತ್ತಾರೆ. ಅಷ್ಟೇ. ಒಂದು ವಿಶೇಷಣವೂ ಇಲ್ಲ, ಕೇಳುವವರಿಗೆ ಉಸಿರು ಕಟ್ಟುತ್ತದೆ. ಹೀಗೆ ಒಂದೊಂದೇ ಘಟನೆ ಜೋಡಿಸಿದ ಮೇಲೆಯೇ ‘ಇದೇನಾ ಅಮೆರಿಕ?’ ಅನ್ನುವ ಪ್ರಶ್ನೆ. ಅದನ್ನೇ ಮೊದಲು ಕೇಳಿದ್ದರೆ ಸುಮ್ನೆ ಘೋಷಣೆಯಾಗುತ್ತಿತ್ತು.

ಅವರು ಮಾತಾಡುತ್ತಿದ್ದಾಗಲೇ ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಕರ್ತರ ಮುಂದೆ ಬಂದರು, ಟಿವಿ ಕ್ಯಾಮೆರಾಗಳು ಅತ್ತ ತಿರುಗಿದವು. ಆದರೆ ಅದೇ ರಾತ್ರಿ ಚಾನೆಲ್‌ಗಳು ಹ್ಯಾಮರ್ ಅವರ ಮಾತನ್ನು ಪ್ರಸಾರ ಮಾಡಿದವು.