ಸಾಗರದ ಕಡೆಯ 'ಕೂಸು' ತೊಟ್ಟಿಲಲ್ಲಿ ಇರುವುದಿಲ್ಲ

ಸಾಗರ, ಸೊರಬ, ಹೊಸನಗರದ ಹವ್ಯಕರ ಮನೆಗಳಲ್ಲಿ ಜಗಲಿಯ ಮೇಲೆ ಕೂತ ಹಿರಿಯರು "ಕೂಸೇ, ಕವಳದ ಬಟ್ಲು ತಗಂಬಾ" (ಎಲೆಅಡಿಕೆ ಬಟ್ಟಲು ತೆಗೆದುಕೊಂಡು ಬಾ) ಎಂದು ಕೂಗಿದರೆ, ಒಳಗಿಂದ ಬರುವುದು ಡಿಗ್ರಿ ಓದುವ ಹುಡುಗಿ. "ಕೂಸಿಗೆ ಗಂಡು ನೋಡ್ತಿದ್ದಾರೆ" ಎಂಬ ಮಾತು ಕೇಳಿ ಬಯಲುಸೀಮೆಯವರು ಬೆಚ್ಚಿಬೀಳಬೇಕಿಲ್ಲ. ಅಲ್ಲಿ ಕೂಸು ಅಂದರೆ ಹುಡುಗಿ, ಮಾಣಿ ಅಂದರೆ ಹುಡುಗ.

'ಹುಡುಗಿ'ಯ ರಚನೆಯಲ್ಲಿ ಗೋಜಲಿಲ್ಲ. ಕಳ್ಳ–ಕಳ್ಳಿಯ ಹಾಗೆ ಹುಡುಗನಿಗೆ 'ಇ' ಸೇರಿದೆ, ಅಷ್ಟೆ. ಕೂಸಿನ ಕಥೆ ಬೇರೆ. ಮೂಲದಲ್ಲಿ ಅದಕ್ಕೆ ಹೆಣ್ಣು ಗಂಡೆಂಬ ಭೇದವೇ ಇಲ್ಲ. "ಕೂಸು ಹುಟ್ಟುವ ಮುಂಚೆ ಕುಲಾವಿ" ಎನ್ನುವಾಗ ಹುಟ್ಟುವುದು ಯಾವುದೆಂದು ಯಾರಿಗೆ ಗೊತ್ತು? ಬೆನ್ನ ಮೇಲೆ ಹೊರುವ ಕೂಸುಮರಿಯಲ್ಲೂ ಅಷ್ಟೇ. ಭೇದ ಹೇಳಲೇಬೇಕಾದಾಗ ಹಳಗನ್ನಡ 'ಪೆಣ್ಗೂಸು' ಎಂದಿತು. ಪ ಹೋಗಿ ಹ ಬಂದ ಮೇಲೆ ಅದೇ ಹೆಣ್ಣುಗೂಸು, ಜೊತೆಗೆ ಗಂಡುಗೂಸು. ಎರಡರಲ್ಲೂ ಕಕಾರ ಗಕಾರವಾಗಿದೆ: ಆದೇಶ ಸಂಧಿ. ಆದರೆ 'ಕೊಡಗೂಸು' ಗಮನಿಸಿ. ಕೊಡ ಎಂದರೆ ಎಳೆಯ. ಹೆಣ್ಣೆಂಬ ಮಾತೇ ಇಲ್ಲದಿದ್ದರೂ ಅದರ ಅರ್ಥ ಮದುವೆಯಾಗದ ಹುಡುಗಿ. ಶಿವನಿಗೆ ಹಾಲು ಕುಡಿಸಿದ ಕೋಳೂರ ಕೊಡಗೂಸು ನೆನಪಾಗಬಹುದು. ಅಂದರೆ ಕೂಸು ಹೆಣ್ಣಿನತ್ತ ವಾಲಿದ್ದು ಮಲೆನಾಡಿನಲ್ಲಿ ನಿನ್ನೆ ಮೊನ್ನೆ ಆದದ್ದಲ್ಲ.

ಮಾಣಿ ಸಂಸ್ಕೃತದ ಮಾಣವಕದಿಂದ ಬಂದದ್ದು, ಮೊದಲಿಗೆ ವಟು. (ಹೋಟೆಲಿನ ಮಾಣಿಯೂ ಇವನೇ.) ಗಂಡುಮಕ್ಕಳ ಜಾಗವನ್ನು ಅವನು ಹಿಡಿದ ಮೇಲೆ ಕೂಸು ಹೆಣ್ಣುಮಕ್ಕಳಿಗೇ ಉಳಿಯಿತು ಎಂಬುದು ನನ್ನ ಊಹೆ.

ಈ ಮಾತನ್ನು ಸಂಭಾಷಣೆಯಲ್ಲಿ ಬರೆಯುವವರು ಎಡವುವುದು ಕ್ರಿಯಾಪದದಲ್ಲಿ. "ಕೂಸು ಬಂದಳು" ಎಂದರೆ ಕಿವಿಗೆ ಕಲ್ಲು ಸಿಕ್ಕಿದಂತೆ. "ಕೂಸು ಬಂತು" ಎನ್ನಬೇಕು. ಇದಕ್ಕೆ ಕೂಸು ಎಂಬ ಪದ ನಪುಂಸಕವಾಗಿರುವುದಷ್ಟೇ ಕಾರಣವಲ್ಲ. ಹವ್ಯಕರ ಆಡುಮಾತಾದ ಹವಿಗನ್ನಡದಲ್ಲಿ "ಅಕ್ಕ ಬಂತು", "ಅತ್ತೆ ಹೇಳ್ತು" ಎಂದೇ ರೂಢಿ. ಅದರಲ್ಲಿ ಅಗೌರವ ಹುಡುಕಬೇಡಿ. ಇನ್ನೊಂದು ತಪ್ಪು, ಮಲೆನಾಡಿನವರೆಲ್ಲರ ಬಾಯಿಗೂ ಇದನ್ನು ತುರುಕುವುದು. ಅದೇ ಊರಿನಲ್ಲಿ ಹವ್ಯಕರಲ್ಲದವರ ಪಕ್ಕದ ಕೇರಿಯಲ್ಲಿ 'ಹುಡ್ಗಿ' ಬರುತ್ತಾಳೆ, ಕೂಸು ತೊಟ್ಟಿಲಲ್ಲೇ ಮಲಗಿರುತ್ತದೆ.