ಅಜ್ಜಿ ಕೆನ್ನೆ ಮೇಲಿನ ಚೌಕಗಳು

ಹೋದ್ ವರ್ಷ ತಿಥಿಗೆ ಅಂತ ಅಜ್ಜಿ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ವಿ. ಇರೋದೇ ಒಂದು ಕಪ್ಪು ಬಿಳುಪು ಸ್ಟುಡಿಯೋ ಫೋಟೋ, ನಾನು ಸ್ಕ್ಯಾನ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ, ಅದನ್ನ ಚಿಕ್ಕಪ್ಪ ಇಳಿಸ್ಕೊಂಡು ಇನ್ಯಾರಿಗೋ ಕಳ್ಸಿ, ಅವ್ರು ಕ್ರಾಪ್ ಮಾಡಿ ವಾಪಸ್ ಹಾಕಿ, ಕೊನೆಗೆ ಆ ಫೈಲೇ ಪ್ರಿಂಟಿಗೆ ಹೋಗಿತ್ತು. ಅಮ್ಮ ಹತ್ರ ಹೋಗಿ ನೋಡಿ, "ಏನೋ ಇದು, ಕೆನ್ನೆ ಮೇಲೆಲ್ಲ ಹೆಂಚು ಹೊದಿಸಿದ ಹಾಗಿದೆ" ಅಂದ್ರು. ಹೌದು, ಕೆನ್ನೆ ಮೇಲೆ, ಹಿಂದಿನ ಗೋಡೆ ಮೇಲೆ ಚೌಕ ಚೌಕ. ಸೀರೆ ಅಂಚಲ್ಲಿ ಮಾತ್ರ ಏನೂ ಗೊತ್ತಾಗ್ತಿರ್ಲಿಲ್ಲ.

ರಾತ್ರಿ ನಿದ್ದೆ ಬರ್ಲಿಲ್ಲ, ಲ್ಯಾಪ್‌ಟಾಪ್ ತೆಗ್ದು ಫೋಟೋ ಎಷ್ಟು ಕೆಟ್ಟಿದೆ ಅಂತ ಅಳೆಯೋಕೆ ಕೂತೆ. ಜೆಪೆಗ್ ಅಂದ್ರೆ ಫೋಟೋ ಫೈಲನ್ನ ಕಂಪ್ರೆಸ್ ಮಾಡಿ, ಅಂದ್ರೆ ಕುಗ್ಗಿಸಿ ಇಡೋ ಒಂದು ವಿಧಾನ. ಅದು ಚಿತ್ರಾನ 8×8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಒಂದೊಂದನ್ನೂ ಡಿಸಿಟಿ ಅನ್ನೋ ಲೆಕ್ಕಕ್ಕೆ ಹಾಕಿ, ಸಣ್ಣ ಸಣ್ಣ ವಿವರಗಳನ್ನ ಬಿಟ್ಟಾಕತ್ತೆ. ಆ ಡಿಸಿಟಿ ಕೊಟ್ಟಿದ್ದು ಬೆಂಗಳೂರಲ್ಲಿ ಹುಟ್ಟಿ ಅಲ್ಲಿನ ಇಂಜಿನಿಯರಿಂಗ್ ಕಾಲೇಜು ಯುವಿಸಿಇಲಿ ಓದಿದ ನಾಸಿರ್ ಅಹ್ಮದ್, ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ. ನಮ್ಮೂರವ್ರ ಈ ಕೆಲಸ ನಮ್ಮ ಮಕ್ಕಳಿಗೆ ಹೇಳ್ಲೇಬೇಕು. ಇನ್ನು ಕ್ರಾಪ್ ಮಾಡಿದ್ರೆ ಚೌಕಗಳ ಗೆರೆ ಜರುಗತ್ತೆ, ಮತ್ತೆ ಸೇವ್ ಮಾಡ್ದಾಗ ಹಳೇ ಗೆರೆ ಮೇಲೆ ಹೊಸ ಗೆರೆ.

ಮೊದ್ಲು ಪಿಎಸ್‌ಎನ್‌ಆರ್ ನೋಡ್ದೆ, ಅಂದ್ರೆ ಪ್ರತಿ ಪಿಕ್ಸೆಲ್ ಎಷ್ಟು ತಪ್ಪಿದೆ ಅಂತ ವರ್ಗ ಮಾಡಿ ಇಡೀ ಚಿತ್ರಕ್ಕೆ ಸರಾಸರಿ ತೆಗ್ದು ಡೆಸಿಬಲ್‌ನಲ್ಲಿ ಹೇಳೋದು. ಒರಿಜಿನಲ್ ಸ್ಕ್ಯಾನಿಂದ ಎರಡು ಕಾಪಿ ಮಾಡ್ದೆ, ಒಂದನ್ನ ಜೋರಾಗಿ ಕಂಪ್ರೆಸ್ ಮಾಡಿದ್ದು, ಇನ್ನೊಂದಕ್ಕೆ ಬರೀ ನಾಯ್ಸ್, ಅಂದ್ರೆ ಎಲ್ಲೆಂದರಲ್ಲಿ ಸಣ್ಣ ಚುಕ್ಕಿಗಳನ್ನ ಸೇರಿಸಿದ್ದು, ಎರಡೂ 33 ಡೆಸಿಬಲ್ ಬರೋ ಹಾಗೆ. ನಂಬರ್ ಒಂದೇ, ಆದ್ರೆ ಒಂದು ಹಳೇ ಫಿಲಂ ಥರ ಮರಳು ಮರಳಾಗಿತ್ತು, ಇನ್ನೊಂದರಲ್ಲಿ ಹೆಂಚು. ಯಾವ್ದು ಚೆನ್ನಾಗಿದೆ ಅಂತ ಅಮ್ಮನ ಕೇಳಿದ್ರೆ ಯೋಚ್ನೆನೇ ಮಾಡ್ದೆ ಮರಳಿನದ್ದನ್ನ ತೋರಿಸಿದ್ರು. ಕಣ್ಣು ಸರಾಸರಿ ತೆಗ್ಯಲ್ಲ ಕಣ್ರಿ, ನುಣುಪಾದ ಕಡೆ ಒಂದು ನೇರ ಗೆರೆ ಬಂದ್ರೂ ಅಲ್ಲೇ ಹೋಗಿ ನಿಲ್ಲತ್ತೆ, ಸೀರೆ ಅಂಚಿನ ಗಿಜಿಬಿಜಿ ಡಿಸೈನಲ್ಲಿ ಅದೇ ತಪ್ಪು ಮುಚ್ಚಿ ಹೋಗತ್ತೆ.

ಆಮೇಲೆ ಎಸ್‌ಎಸ್‌ಐಎಂ ಹಾಕ್ದೆ. ಇದು 2004ರಲ್ಲಿ ಬಂದ ಅಳತೆ, ಸಣ್ಣ ಕಿಟಕಿ ಇಟ್ಟು ಅಲ್ಲಿನ ಬೆಳಕು, ಕಾಂಟ್ರಾಸ್ಟ್, ರಚನೆ ಮೂರನ್ನೂ ಹೋಲಿಸತ್ತೆ. ಒರಿಜಿನಲ್‌ಗೆ ಹೊಂದೋ ಜಾಗ ಬೆಳ್ಳಗೆ, ಹೊಂದದ ಜಾಗ ಕಪ್ಪಗೆ ತೋರಿಸೋ ಒಂದು ಮ್ಯಾಪ್ ಸಿಗತ್ತೆ. ಕಂಪ್ರೆಸ್ ಮಾಡಿದ್ದರ ಮ್ಯಾಪಲ್ಲಿ ಸೀರೆ ಅಂಚು ಬೆಳ್ಳಗೆ, ಗೋಡೆ, ಕೆನ್ನೆ ಕಪ್ಪಗೆ. ಅಮ್ಮ ಬೆರಳಿಟ್ಟು ತೋರ್ಸಿದ್ದ ಜಾಗನೇ.

ಬೆಳಿಗ್ಗೆ ಒರಿಜಿನಲ್ ಫೈಲ್ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗಿ ಮತ್ತೆ ಪ್ರಿಂಟ್ ಹಾಕಿಸ್ದೆ. ಗಲ್ಲದ ಹತ್ರ ಅಜ್ಜಿಗೊಂದು ಚಿಕ್ಕ ಮಚ್ಚೆ ಇತ್ತು, ಈ ಸಲ ಅದೂ ಕಾಣಿಸ್ತು.