ಅಮೀನಗಡದ ಕಲ್ಲು, ಮರುಭೂಮಿಯ ಕಲ್ಲು

ಬಾಗಲಕೋಟೆ ಜಿಲ್ಲೆಯ ಅಮೀನಗಡದ ಗುಡ್ಡದಿಂದ ತಂದ ಕಲ್ಲೊಂದು ಮೇಜಿನ ಮೇಲಿದೆ. ಒಂದು ಪಟ್ಟೆ ಕೆಂಪು, ಒಂದು ಪಟ್ಟೆ ಬೂದು, ಇಳಕಲ್ ಸೀರೆಯ ದಡಿಯ ಹಾಗೆ. ಕಡಲ ತಳದಲ್ಲಿ ಕಬ್ಬಿಣವೂ ಸಿಲಿಕಾವೂ ಪದರ ಪದರವಾಗಿ ಕೂತು ಆದ ಕಲ್ಲು ಇದು. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ.

ನಿನ್ನೆ ರಾತ್ರಿ ಅಮೆರಿಕದ ಮೊಹಾವಿ ಮರುಭೂಮಿಯ ಬೆಟ್ಟಗಳ ಅದಿರಿನ ಬಗ್ಗೆ ಓದುತ್ತಾ ಕೂತೆ. ಅಲ್ಲಿನ ಕತೆಯೇ ಬೇರೆ. ಭೂಮಿಯೊಳಗಿನ ಶಿಲಾರಸ ಮೇಲೆದ್ದು ಸುಣ್ಣದಕಲ್ಲಿಗೆ ತಾಗಿತು. ಅದರಿಂದ ಹೊರಟ ಬಿಸಿ ನೀರು ಸುಣ್ಣದಕಲ್ಲನ್ನು ಕರಗಿಸಿ, ಆ ಜಾಗದಲ್ಲಿ ಕಬ್ಬಿಣ ಬಿಟ್ಟಿತು. ಹೀಗಾದ ಕಲ್ಲಿಗೆ ಸ್ಕಾರ್ನ್ ಅಂತಾರೆ. ಹಾಗಾಗಿ ಅಲ್ಲಿ ಅದಿರು ಗಂಟು ಗಂಟಾಗಿ ಸಿಗುತ್ತದೆ. ಈ ಗುಡ್ಡದಲ್ಲಿದ್ದದ್ದು ಪಕ್ಕದ ಗುಡ್ಡದಲ್ಲಿ ಇಲ್ಲದಿರಬಹುದು. ಮೇಲೆ ಕಪ್ಪಗೆ ಕಂಡ ಬಂಡೆ ಹತ್ತಡಿ ಕೆಳಗೇ ಮುಗಿದೂ ಹೋಗಬಹುದು. ಕೊರೆದು ನೋಡಿದರೇನೇ ಗೊತ್ತಾಗುವುದು. ಒಂದೇ ಕಬ್ಬಿಣ ಒಂದು ಕಡೆ ನೀರಲ್ಲಿ ಸುಮ್ನೆ ಕೂತು ಆಗಿದೆ, ಇನ್ನೊಂದು ಕಡೆ ಬೆಂಕಿಯ ಜೊತೆ ಬಂದಿದೆ. ಎಷ್ಟು ಚೆಂದ ಅಲ್ವಾ!

ಬೆಳಿಗ್ಗೆ ಅಕ್ಕನ ಮಗ ಹಳೇ ಸ್ಪೀಕರಿನ ಆಯಸ್ಕಾಂತ ತಂದು ಕಲ್ಲಿಗೆ ಹಿಡಿದ. "ಮಾಮಾ, ಹತ್ತವಲ್ದಲ್ಲ!" ಮರುಭೂಮಿಯ ಆ ಅದಿರಿನಲ್ಲಿರುವ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ ಆಗಿದ್ದರೆ ಗಟ್ಟಿಯಾಗಿ ಹಿಡಿಯುತ್ತಿತ್ತು. ನಮ್ಮದರಲ್ಲಿ ಹೆಮಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಖನಿಜ ಜಾಸ್ತಿ. ಕಲ್ಲನ್ನು ಟೈಲ್ಸ್ ತುಂಡಿನ ಹಿಂಬದಿಗೆ ತಿಕ್ಕಿದೆ. ಕೆಂಪು ಗೆರೆ ಬಂತು. ಮ್ಯಾಗ್ನೆಟೈಟ್ ಆದರೆ ಗೆರೆ ಕಪ್ಪು. ಬಾದಾಮಿಯ ಬಂಡೆಗಳ ಕೆಂಪಿಗೂ ಕಬ್ಬಿಣವೇ ಕಾರಣ ಅಂದಾಗ ಅವನ ಕಣ್ಣು ಅರಳಿತು.

ಆ ಟೈಲ್ಸ್ ತುಂಡನ್ನು ಇವತ್ತು ಶಾಲೆಗೆ ಒಯ್ದಿದ್ದಾನೆ.